ತಿಕೋಟಾದ ಮಣೂಕಕ್ಕೆ ತಿಕೋಟಾದ ಹೆಸರು

ಫೆಬ್ರುವರಿ, ಮಾರ್ಚ್‌ನಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾದಿಂದ ಬಾಬಾನಗರ, ಬಿಜ್ಜರಗಿ, ಕಳ್ಳಕವಟಗಿ ಕಡೆ ಹೊರಟವರಿಗೆ ದಾರಿಯುದ್ದ ಒಣದ್ರಾಕ್ಷಿ ಶೆಡ್‌ಗಳು ಕಾಣುತ್ತವೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿದ ಗೊನೆಗಳನ್ನು ಬಲೆಗಳ ಮೇಲೆ ಹರವಿ, ಎರಡು ವಾರ ನೆರಳಿನಲ್ಲೇ ಗಾಳಿಗೆ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿಗೆ ಒಂದು ಕಿಲೊ ಮಣೂಕ, ಅಂದರೆ ಒಣದ್ರಾಕ್ಷಿ. ಅಷ್ಟರಲ್ಲಿ ಒಂದು ಅಕಾಲಿಕ ಮಳೆ ಬಿದ್ದರೆ ಬಣ್ಣ ಕಪ್ಪಿಟ್ಟು ದರ ನೆಲ ಕಚ್ಚುತ್ತದೆ. ತುಬಚಿ–ಬಬಲೇಶ್ವರ ಏತ ನೀರಾವರಿ ಬರುವ ಮೊದಲು ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡ ರೈತರು ಇವರು.

ಇಷ್ಟು ಪಾಡುಪಟ್ಟು ಮಾಡಿದ ಮಾಲು ಗಾಡಿಗಟ್ಟಲೆ ತಾಸಗಾಂವ, ಸಾಂಗ್ಲಿಯ ಸವಾಲಿಗೆ (ಹರಾಜಿಗೆ) ಹೋಗುತ್ತದೆ. ಅಲ್ಲಿ ಪೆಟ್ಟಿಗೆ ಬದಲಾದೊಡನೆ ಊರಿನ ಹೆಸರೂ ಅಳಿಯುತ್ತದೆ. ಸಾಂಗ್ಲಿಯ ಒಣದ್ರಾಕ್ಷಿಗೆ ಭೌಗೋಳಿಕ ಸೂಚಕ ಸಿಕ್ಕಿದೆ, ನಮ್ಮದೇ ಜಿಲ್ಲೆಯ ಇಂಡಿ ನಿಂಬೆಗೂ ಸಿಕ್ಕಿದೆ. ತಿಕೋಟಾ, ಬಬಲೇಶ್ವರದ ಮಣೂಕವೂ ಆ ಗೌರವಕ್ಕೆ ತಕ್ಕದ್ದೇ.

ಆದರೆ ಹೆಸರಿನ ಹಿಂದೆ ಗುಣವಿರಬೇಕು. 2010ರಲ್ಲಿ ಕ್ಲೋರ್ಮೆಕ್ವಾಟ್ ಶೇಷ ಕಂಡುಬಂದು ಯುರೋಪಿನಲ್ಲಿ ಭಾರತದ ಹಸಿ ದ್ರಾಕ್ಷಿ ತಿರಸ್ಕೃತವಾಯಿತು. ನಮ್ಮ ಬೆಳೆಗಾರರಿಗೆ ಲಿಹೋಸಿನ್ ಎಂದು ಗೊತ್ತಿರುವ ಔಷಧಿಯೇ ಅದು. ಸಾಲ್ಮನ್ ಮೀನು ಸಾಕುವ ನಾರ್ವೆಯೂ ಇಂಥದ್ದೇ ಇಕ್ಕಟ್ಟು ಕಂಡಿತ್ತು. 1987ರಲ್ಲಿ ಅಲ್ಲಿನ ಮೀನಿಗೆ ಸುಮಾರು 50 ಟನ್ ಆ್ಯಂಟಿಬಯೋಟಿಕ್ ಬಳಕೆಯಾಗಿತ್ತು. ಮೀನಿಗೆ ಲಸಿಕೆ ಹಾಕುವ ಪದ್ಧತಿ ತಂದು ಅದನ್ನು ಒಂದು ಟನ್ನಿಗಿಂತ ಕೆಳಗಿಳಿಸಿದರು. ಉತ್ಪಾದನೆ ಮಾತ್ರ ಏರುತ್ತಲೇ ಹೋಗಿ 10 ಲಕ್ಷ ಟನ್ ದಾಟಿತು. ಇಂದು ಜಗತ್ತು ಆ ಮೀನನ್ನು ನಾರ್ವೆಯ ಹೆಸರು ಹೇಳಿಯೇ ಕೊಳ್ಳುತ್ತದೆ.

ರೈತರೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದ್ದು ಒಳ್ಳೆಯದಾಯಿತು. ಅಷ್ಟು ಸಾಲದು. ಕಟಾವಿಗೆ ಮೊದಲೇ ಗೊನೆಯ ಶೇಷ ಪರೀಕ್ಷೆ ರೈತರ ಕೈಗೆಟಕುವ ದರದಲ್ಲಿ ಆಗಬೇಕು. ದರ ಬಿದ್ದಾಗ ಮಾಲು ಹಿಡಿದಿಡಲು ಶೈತ್ಯಾಗಾರದಲ್ಲಿ ಸಣ್ಣ ಹಿಡುವಳಿದಾರರಿಗೂ ಜಾಗ ಸಿಗಬೇಕು; ಅದಿಲ್ಲದೆ ಸವಾಲಿನಲ್ಲಿ ಕೂಗಿದ ದರಕ್ಕೆ ತಲೆ ಬಾಗಿಸದೆ ಅವರಿಗೆ ಬೇರೆ ದಾರಿಯಿಲ್ಲ.

ಬರುವ ಅಕ್ಟೋಬರ್ ಚಾಟ್ನಿಗೆ (ಬಳ್ಳಿ ಸವರುವ ಕೆಲಸಕ್ಕೆ) ಮೊದಲು ತೋಟಗಾರಿಕೆ ಇಲಾಖೆ ತಿಕೋಟಾದಲ್ಲೇ ಬೆಳೆಗಾರರ ಸಭೆ ಕರೆದು ಭೌಗೋಳಿಕ ಸೂಚಕದ ಕೆಲಸಕ್ಕೆ ಕೈಹಾಕಲಿ. ಬೆಳೆಗಾರರೇ, ಯಾವ ದಿನ ಯಾವ ಔಷಧಿ ಹೊಡೆದಿರೆಂದು ಈ ಹಂಗಾಮಿನಿಂದಲೇ ಬರೆದಿಡಿ.