ವೃದ್ಧಾಶ್ರಮವನ್ನು ಶಪಿಸುತ್ತಾ ಕೂತರೆ ಸಾಕೆ?

ವೃದ್ಧಾಶ್ರಮಗಳ ವಿರುದ್ಧ ಮಾತಾಡುವುದು ನಮ್ಮ ಸಮುದಾಯದಲ್ಲಿ ಬಹಳ ಸುಲಭದ ಕೆಲಸ. ಜುಮಾ ಭಾಷಣದಲ್ಲಾಗಲಿ, ಸೀರತ್ ಸಮಾವೇಶದಲ್ಲಾಗಲಿ ಆ ಪದವನ್ನು ಎತ್ತಿದರೆ ಸಾಕು, ಸಭಿಕರು ತಲೆದೂಗುತ್ತಾರೆ. ಪಾಶ್ಚಾತ್ಯ ನಾಗರಿಕತೆಯ ಅಧಃಪತನಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ತಾಯಿಯ ಪಾದದಡಿ ಸ್ವರ್ಗವಿದೆಯೆಂದು ನಂಬಿದವರಿಗೆ ವೃದ್ಧಾಶ್ರಮವೇಕೆ ಎಂಬ ಪ್ರಶ್ನೆಯೊಂದಿಗೆ ಭಾಷಣ ಮುಗಿಯುತ್ತದೆ. ಸಭಿಕರು ಸಂತೃಪ್ತಿಯಿಂದ ಮನೆಗೆ ಮರಳುತ್ತಾರೆ.

ಆ ಮನೆಯೊಳಗೆ ಏನಾಗುತ್ತಿದೆ ಎಂಬ ಬಗ್ಗೆ ಮಾತ್ರ ನಾವು ಮಾತಾಡುವುದಿಲ್ಲ.

ಕರಾವಳಿಯ ಯಾವುದೇ ಮೊಹಲ್ಲಾದಲ್ಲಿ ಇಂಥದ್ದೊಂದು ಮನೆ ಸಿಕ್ಕೀತು. ಕೊಲ್ಲಿಯ ಹಣದಲ್ಲಿ ಎದ್ದ ಎರಡಂತಸ್ತಿನ ಕಟ್ಟಡ. ಒಬ್ಬ ಮಗ ಜಿದ್ದಾದಲ್ಲಿ, ಇನ್ನೊಬ್ಬ ದುಬೈಯಲ್ಲಿ. ಸೊಸೆಯಂದಿರಲ್ಲಿ ಒಬ್ಬಳು ಗಂಡನ ಜೊತೆಗಿದ್ದರೆ ಮತ್ತೊಬ್ಬಳು ಮಕ್ಕಳ ಶಾಲೆಗಾಗಿ ನಗರದ ಫ್ಲ್ಯಾಟಿನಲ್ಲಿ. ಮನೆಯಲ್ಲಿ ಉಳಿದವರು ಎಂಬತ್ತರ ಹೊಸ್ತಿಲಲ್ಲಿರುವ ತಾಯಿ ಮತ್ತು ಸಂಜೆಯಾದೊಡನೆ ಹೊರಟುಹೋಗುವ ಕೆಲಸದಾಕೆ. ಮರೆವಿನ ಕಾಯಿಲೆ ಶುರುವಾಗಿದ್ದರಂತೂ ಹೇಳುವುದೇ ಬೇಡ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಸಲ ನುಂಗಿದರೂ ಕೇಳುವವರಿಲ್ಲ. ತಹಜ್ಜುದ್‌ಗೆಂದು ಎದ್ದು ಬಚ್ಚಲಲ್ಲಿ ಜಾರಿ ಬಿದ್ದರೆ, ಬೆಳಗ್ಗೆ ಕೆಲಸದಾಕೆ ಬರುವವರೆಗೆ ಅಲ್ಲೇ ಬಿದ್ದಿರಬೇಕು. ಶುಕ್ರವಾರ ಮಕ್ಕಳ ವೀಡಿಯೋ ಕರೆ ಬರುತ್ತದೆ. ಇದನ್ನು ಯಾರೂ ವೃದ್ಧಾಶ್ರಮವೆನ್ನುವುದಿಲ್ಲ. ಆದ್ದರಿಂದ ಕುಟುಂಬದ ಮಾನ ಉಳಿದಿದೆ!

ಈ ಒಂಟಿ ಮನೆಗೂ ಆಸ್ಪತ್ರೆಯ ಹಾಸಿಗೆಗೂ ನಡುವೆ ಇನ್ನೊಂದು ವ್ಯವಸ್ಥೆಯಿದೆ. ಇಂಗ್ಲಿಷ್‌ನಲ್ಲಿ ಅಸಿಸ್ಟೆಡ್ ಲಿವಿಂಗ್ ಎನ್ನುತ್ತಾರೆ. ನಾವು ನೆರವಿನ ವಸತಿ ಎನ್ನೋಣ. ಅನಾಥರಾದ ಹಿರಿಯರಿಗೆ ಅನ್ನ-ಆಶ್ರಯ ನೀಡುವ ಧರ್ಮಶಾಲೆ ಅದಲ್ಲ, ಹಗಲಿರುಳು ದಾದಿಯರ ಶುಶ್ರೂಷೆ ಬೇಕಾದವರ ನರ್ಸಿಂಗ್ ಹೋಮ್ ಕೂಡ ಅಲ್ಲ. ಸ್ನಾನ, ಬಟ್ಟೆ, ಶೌಚ, ಔಷಧಿ, ಊಟ ಮುಂತಾದ ನಿತ್ಯದ ಕೆಲಸಗಳಲ್ಲಿ ಯಾವುದಕ್ಕೆ ಸಹಾಯ ಬೇಕೋ ಅದಕ್ಕಷ್ಟೇ ಸಹಾಯ ನೀಡಿ, ಉಳಿದಂತೆ ಹಿರಿಯರನ್ನು ತಮ್ಮದೇ ಕೋಣೆಯಲ್ಲಿ ತಮ್ಮ ಇಷ್ಟದಂತೆ ಬದುಕಲು ಬಿಡುವುದು ಅದರ ಉದ್ದೇಶ.

ಅದು ಹುಟ್ಟಿದ ಬಗೆಯೂ ನಮ್ಮ ಭಾಷಣಕಾರರು ಹೇಳುವಂತಿಲ್ಲ. ಅಮೆರಿಕದ ಕೆರೆನ್ ಬ್ರೌನ್ ವಿಲ್ಸನ್ ಎಂಬಾಕೆಗೆ 19 ವರ್ಷವಾಗಿದ್ದಾಗ ತಾಯಿ ಪಾರ್ಶ್ವವಾಯುವಿಗೆ ತುತ್ತಾಗಿ ನರ್ಸಿಂಗ್ ಹೋಮ್ ಸೇರಿದರು. ನನ್ನಂಥವರಿಗಾಗಿ ಏನಾದರೂ ಮಾಡು ಎಂದು ಆ ತಾಯಿ ಮಗಳಲ್ಲಿ ಕೇಳಿಕೊಂಡರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು, ಒಂದು ಪುಟ್ಟ ಅಡುಗೆಮನೆ ಇಂಥ ಸಣ್ಣ ಸಂಗತಿಗಳು ಅವರಿಗೆ ಬೇಕಿದ್ದವು. 1983ರಲ್ಲಿ ಆ ಮಗಳು ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಅಂಥ ವಸತಿಯೊಂದನ್ನು ತೆರೆದರು. ಮುಂದೆ ಅದು ದೊಡ್ಡ ವ್ಯಾಪಾರವಾಯಿತು. ಹಿರಿಯರು ಬಯಸುವುದಕ್ಕಿಂತ ಹೆಚ್ಚಾಗಿ ಅವರನ್ನು ಸೇರಿಸಲು ಬರುವ ಮಕ್ಕಳು ಬಯಸುವುದನ್ನು ತೋರಿಸಿ ಮಾರುವ ಸಂಸ್ಥೆಗಳು ಹುಟ್ಟಿಕೊಂಡವು ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಅದರ ಮೂಲದಲ್ಲಿರುವುದು ತಾಯಿಯ ಮಾತನ್ನು ನೆರವೇರಿಸಿದ ಮಗಳೊಬ್ಬಳು.

ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23ನೇ ಸೂಕ್ತವನ್ನು ಮುಂದಿಟ್ಟು ಈ ವ್ಯವಸ್ಥೆಯನ್ನು ಅಲ್ಲಗಳೆಯುವವರಿದ್ದಾರೆ. ಹೆತ್ತವರು ನಿನ್ನ ಬಳಿ ವೃದ್ಧಾಪ್ಯ ತಲುಪಿದರೆ ಎಂದು ಅಲ್ಲಿದೆ, ಆದ್ದರಿಂದ ಅವರು ನಮ್ಮ ಮನೆಯಲ್ಲೇ ಇರಬೇಕು ಎಂಬುದು ಅವರ ವಾದ. ಒಪ್ಪೋಣ. ಹಾಗಾದರೆ ಜಿದ್ದಾದಲ್ಲಿರುವ ಮಗನ 'ಬಳಿ' ಉಳ್ಳಾಲದಲ್ಲಿರುವ ತಾಯಿ ಇದ್ದಾರೆಯೇ? ಮನೆ ಮಗನ ಹೆಸರಲ್ಲಿದೆ ಎಂದ ಮಾತ್ರಕ್ಕೆ ತಾಯಿ ಅವನ ಬಳಿ ಇದ್ದಂತಾಯಿತೆ? ಹೆತ್ತವರೆದುರು 'ಉಫ್' ಎನ್ನುವುದನ್ನೂ ಅಲ್ಲಾಹನು ನಿಷೇಧಿಸಿರುವಾಗ, ಆ ಉದ್ಗಾರವನ್ನು ಕೇಳಿಸಿಕೊಳ್ಳಲೂ ಯಾರೂ ಇಲ್ಲದ ಮನೆಯಲ್ಲಿ ಅವರನ್ನು ಬಿಟ್ಟು ಹೋಗುವುದು ಯಾವ ಬಗೆಯ ವಿಧೇಯತೆ?

ಇನ್ನು ಸೊಸೆ ಮನೆಯಲ್ಲಿದ್ದಾಳೆಂದು ಇಟ್ಟುಕೊಳ್ಳಿ. ಆಗ ಹಾಸಿಗೆ ಹಿಡಿದ ಅತ್ತೆಯ ಸಮಸ್ತ ಶುಶ್ರೂಷೆಯೂ ಅವಳದು, ಸ್ವರ್ಗ ಮಾತ್ರ ಮಗನದು! ಆ ಸೂಕ್ತ ಸಂಬೋಧಿಸುವುದು ಮಕ್ಕಳನ್ನು. ಅತ್ತೆ ಮಾವಂದಿರ ಸೇವೆ ಸೊಸೆಯ ಮೇಲೆ ಕಡ್ಡಾಯವಲ್ಲ, ಅದು ಅವಳ ಔದಾರ್ಯ ಎಂಬ ಫಿಕ್ಹ್‌ನ ಅಭಿಪ್ರಾಯ ನಮ್ಮ ವಿದ್ವಾಂಸರಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಮಿಂಬರಿನಿಂದ ಹೇಳಿದ್ದನ್ನು ಎಷ್ಟು ಮಂದಿ ಕೇಳಿದ್ದಾರೆ? ಬೆನ್ನುಹುಣ್ಣಾಗದಂತೆ ರೋಗಿಯನ್ನು ಹೊರಳಿಸುವುದು ಹೇಗೆ ಎಂದು ಯಾರೂ ಕಲಿಸದ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಒಬ್ಬಳೇ ಹೊರುವ ಈ ಹೊರೆಯನ್ನು ನಾವು ಇಸ್ಲಾಮೀ ಕುಟುಂಬ ಪದ್ಧತಿಯ ಹಿರಿಮೆ ಎಂದು ಕೊಂಡಾಡುತ್ತಿದ್ದೇವೆ.

ಹಿರಿಯರ ಹೊಣೆಯನ್ನು ಮನೆಯ ನಾಲ್ಕು ಗೋಡೆಗಳಿಗೇ ಬಿಟ್ಟುಬಿಡುವುದು ನಮ್ಮ ಪರಂಪರೆಯೂ ಅಲ್ಲ. ಭಿಕ್ಷೆ ಬೇಡುತ್ತಿದ್ದ ಯಹೂದಿ ವೃದ್ಧನೊಬ್ಬನಿಗೆ ಖಲೀಫಾ ಉಮರ್(ರ) ಬೈತುಲ್‌ಮಾಲ್‌ನಿಂದ ನೆರವಿನ ವ್ಯವಸ್ಥೆ ಮಾಡಿದ ಪ್ರಸಂಗವನ್ನು ಇಮಾಮ್ ಅಬೂ ಯೂಸುಫ್ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. 1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಕಟ್ಟಿಸಿದ ಬೀಮಾರಿಸ್ತಾನ್‌ನಲ್ಲಿ ಪುರುಷರಿಗೂ ಸ್ತ್ರೀಯರಿಗೂ ಪ್ರತ್ಯೇಕ ವಿಭಾಗಗಳು, ಪ್ರತ್ಯೇಕ ಪರಿಚಾರಕರು ಇದ್ದರು; ಖರ್ಚೆಲ್ಲ ವಕ್ಫ್ ಆದಾಯದಿಂದ. ಅದು ಆಸ್ಪತ್ರೆ, ವೃದ್ಧರ ವಸತಿಯಲ್ಲ, ನಿಜ. ಆದರೆ ಸೇವೆಗೆ ಸಂಸ್ಥೆ ಕಟ್ಟುವುದನ್ನು ಅವರು ಕುಟುಂಬಕ್ಕೆ ಬಗೆದ ದ್ರೋಹವೆಂದು ತಿಳಿಯಲಿಲ್ಲ.

ನಮ್ಮಲ್ಲಿ ವಕ್ಫ್ ಇಲ್ಲವೇ? 2006ರ ಸಾಚಾರ್ ಸಮಿತಿಯ ವರದಿಯಂತೆ ದೇಶದಲ್ಲಿ ನೋಂದಾಯಿತ ವಕ್ಫ್ ಆಸ್ತಿಗಳು 4.9 ಲಕ್ಷ, ವಾರ್ಷಿಕ ಆದಾಯ ಸುಮಾರು 163 ಕೋಟಿ ರೂಪಾಯಿ. ಸರಿಯಾಗಿ ಬಳಸಿದರೆ 12 ಸಾವಿರ ಕೋಟಿ ಬರಬಹುದೆಂದು ಸಮಿತಿ ಅಂದಾಜಿಸಿತ್ತು. ವಕ್ಫ್ ತಿದ್ದುಪಡಿಯ ವಿರುದ್ಧ 2025ರಲ್ಲಿ ನಾವು ಬೀದಿಗಿಳಿದೆವು, ಇಳಿಯಲೇಬೇಕಿತ್ತು. ಆದರೆ ಉಳಿಸಿಕೊಂಡ ಜಮೀನಿನಲ್ಲಿ ಏನು ಕಟ್ಟುತ್ತೇವೆ? ಇನ್ನೊಂದು ಶಾದಿ ಮಹಲ್?

ಸರಕಾರವನ್ನು ಕಾಯುತ್ತಾ ಕೂರುವಂತಿಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿ ಮೀರಿದ್ದರು. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯು ಬಡ ಹಿರಿಯರಿಗಾಗಿ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಮಂದಿಯ ಆಶ್ರಮದ ಮಾತಾಡುತ್ತದೆ, ಆದರೆ ಸ್ಥಾಪಿಸ'ಬಹುದು' ಎನ್ನುತ್ತದೆ. ಅದೇ ಕಾಯ್ದೆ ಹಿರಿಯರನ್ನು ತೊರೆಯುವವರಿಗೆ 3 ತಿಂಗಳವರೆಗೆ ಸಜೆ ವಿಧಿಸಲು ಅವಕಾಶ ನೀಡುತ್ತದೆ, ವಿದೇಶದಲ್ಲಿರುವ ಭಾರತೀಯ ಪ್ರಜೆಗೂ ಅನ್ವಯಿಸುತ್ತದೆ. ಕೊಲ್ಲಿಯ ಮಕ್ಕಳು ತಿಳಿದಿರಲಿ. ಖಾಸಗಿ ವಸತಿಗಳ ಶುಲ್ಕ ಮಧ್ಯಮ ವರ್ಗಕ್ಕೂ ಭಾರ. ನಿವೃತ್ತರ ವಸತಿಗಳ ಬಗ್ಗೆ ಕೇಂದ್ರ ಸರಕಾರ 2019ರಲ್ಲಿ ಹೊರಡಿಸಿದ್ದು ಬರೀ ಮಾದರಿ ಸೂಚಿ.

ಇಂಥ ವಸತಿ ಕಟ್ಟಿದರೆ ಮಕ್ಕಳು ಹೆತ್ತವರನ್ನು ತಂದು ಸುರಿದುಬಿಡುತ್ತಾರೆ ಎಂಬ ಭಯ ನಿರಾಧಾರವಲ್ಲ. ಮನೆಯಲ್ಲಿ ನೋಡಿಕೊಳ್ಳಲು ಸಾಧ್ಯವಿರುವವರಿಗೆ ಮನೆಯೇ ಮೊದಲು. ಅದಕ್ಕೂ ನೆರೆಯಲ್ಲೇ ಮಾದರಿಯಿದೆ: 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಉಪಶಾಮಕ ಶುಶ್ರೂಷೆಯ ಕೆಲಸ ಮಲಪ್ಪುರಂನಲ್ಲಿ ಜನರ ಚಳವಳಿಯಾಯಿತು, ತರಬೇತಿ ಪಡೆದ ಸಾಮಾನ್ಯ ಸ್ವಯಂಸೇವಕರು ರೋಗಿಗಳ ಮನೆಗೇ ಹೋಗುತ್ತಾರೆ. ಅದು ಸಾಲದಿದ್ದಾಗ ಮೊಹಲ್ಲಾದ ನಡುವೆಯೇ, ಬಾಂಗ್ ಕೇಳುವಷ್ಟು ದೂರದಲ್ಲಿ, ಮೊಮ್ಮಕ್ಕಳು ನಡೆದುಬರಬಹುದಾದ ಕಡೆ ಹತ್ತು ಹನ್ನೆರಡು ಕೋಣೆಗಳ ನೆರವಿನ ವಸತಿ ಇರಲಿ. ಸೇರುವ ನಿರ್ಧಾರ ಹಿರಿಯರದ್ದಾಗಿರಲಿ. ಉಳ್ಳವರ ಮಕ್ಕಳು ಪೂರ್ಣ ಶುಲ್ಕ ಕಟ್ಟಲಿ, ಇಲ್ಲದ ವಿಧವೆಯ ಪಾಲನ್ನು ಝಕಾತ್ ಭರಿಸಲಿ. ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಎಚ್ಚರವಿರುತ್ತಾರೆ, ಸ್ತ್ರೀಯರಿಗೆ ಸ್ತ್ರೀಯರೇ ಸ್ನಾನ ಮಾಡಿಸುತ್ತಾರೆಯೇ, ಬಚ್ಚಲಲ್ಲಿ ಹಿಡಿಕೆ ಇದೆಯೇ ಎಂದು ಜಮಾಅತ್ ಕಮಿಟಿ ತಿಂಗಳಿಗೊಮ್ಮೆ ಹೋಗಿ ನೋಡಲಿ.

ಪ್ರತಿ ಜಮಾಅತ್ ಕಚೇರಿಯಲ್ಲೂ ಮಾಸಿಕ ವಂತಿಗೆಯ ಪುಸ್ತಕವಿದೆ. ಯಾವ ಮನೆಯ ಬಾಕಿ ಎಷ್ಟೆಂಬುದು ಅದರಲ್ಲಿ ಚಾಚೂ ತಪ್ಪದೆ ಇರುತ್ತದೆ. ಎಪ್ಪತ್ತು ದಾಟಿದ ಎಷ್ಟು ಮಂದಿ ರಾತ್ರಿ ಒಂಟಿಯಾಗಿ ಮಲಗುತ್ತಾರೆಂದು ಬರೆಯಲು ಅದೇ ಪುಸ್ತಕದಲ್ಲಿ ಇನ್ನೊಂದು ಕಾಲಂ ಎಳೆಯಲು, ಬರುವ ಮಹಾಸಭೆಯವರೆಗೆ ಕಾಯಬೇಕಿಲ್ಲ.