ದಯವಿಟ್ಟು ನೀರಲ್ಲಿ ನೆನೆಸಬೇಡಿ

ಇಲ್ಲಿ ಏನಾದರೂ ಬರೆದು ಬಹಳ ದಿನವಾಯಿತು. ಮಾರ್ಚ್ ಕ್ಲೋಸಿಂಗು, ಆಮೇಲೆ ಆಡಿಟ್ಟು, ಆಮೇಲೆ ಮಳೆ, ಮಳೆಯಲ್ಲಿ ಡೊಂಬಿವಲಿ ಲೋಕಲ್ಲು... ನೆಪಗಳಿಗೇನು ಬರ ಹೇಳಿ. ಈ ಸಲ ಬರೆಯುತ್ತಿರೋದು ಮನೆಯಲ್ಲಿ ನಡೆದಿರುವ ಒಂದು ಸಣ್ಣ ಜಗಳದಿಂದಾಗಿ. ಜಗಳ ನನಗೂ ನನ್ನ ಹೆಂಡತಿಯ ಅಕ್ಕನ ಮಗನಿಗೂ. ವಿಷಯ, ನೂರು ವರ್ಷಕ್ಕೂ ಹಿಂದೆ ಸಿಗರೇಟ್ ಪ್ಯಾಕಿನೊಳಗೆ ಬರುತ್ತಿದ್ದ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಮೂವತ್ತೊಂದು ರಟ್ಟಿನ ಚೂರುಗಳು.

ಹುಡುಗ ನ್ಯೂಜೆರ್ಸಿಯಲ್ಲಿದ್ದಾನೆ. ಸಾಫ್ಟ್‌ವೇರು, ಬೇರೇನು! ಅಲ್ಲಿ ಅವನಿಗೆ ಬೇಸ್‌ಬಾಲ್ ಕಾರ್ಡಿನ ಹುಚ್ಚು ಹತ್ತಿದೆ. ಅದರಲ್ಲೂ ಒಂದು ವಿಶೇಷ. ಅಮೆರಿಕದಲ್ಲಿ ಅಚ್ಚಾದ ಕಾರ್ಡು ಅವನಿಗೆ ಬೇಡ. ಅಮೆರಿಕದ ಆಟಗಾರನ ಚಿತ್ರವಿರಬೇಕು, ಆದರೆ ಅಚ್ಚಾಗಿದ್ದು ಬೇರೆ ದೇಶದಲ್ಲಾಗಿರಬೇಕು. ಮೊದಲು ನನಗೆ ಇದು ಕೆಲಸವಿಲ್ಲದವರ ಕೆಲಸ ಅನ್ನಿಸಿತ್ತು. ಒಂದು ಭಾನುವಾರ ಫೋನಿನಲ್ಲಿ ಎರಡು ಗಂಟೆ ಕೂತು ಅವನು ತಿಳಿಸಿ ಹೇಳಿದ ಮೇಲೆ ನಾನೂ ಸೋತೆ.

ಟಾಪ್ಸ್ ಅನ್ನೋದು ಅಮೆರಿಕದ ಬಬಲ್ ಗಮ್ ಕಂಪನಿ. ಗಮ್ಮಿನ ಜೊತೆ ಆಟಗಾರರ ಕಾರ್ಡು ಕೊಡುತ್ತಿತ್ತು. ಅದೇ ಕಾರ್ಡುಗಳನ್ನು ಕೆನಡಾದ ಒಂಟಾರಿಯೊದಲ್ಲಿರುವ ಲಂಡನ್ ಎಂಬ ಊರಿನ ಓ-ಪೀ-ಚೀ ಕಂಪನಿ ಲೈಸೆನ್ಸ್ ಪಡೆದು ಅಚ್ಚು ಹಾಕುತ್ತಿತ್ತು. 1970ರಿಂದ ಅದರ ಹಿಂಬದಿಯಲ್ಲಿ ಇಂಗ್ಲಿಷ್ ಜೊತೆ ಫ್ರೆಂಚ್ ಕೂಡ ಬಂತು. ಟಾಪ್ಸ್ ಅಚ್ಚಾದ ಮೇಲೆ ಇದು ಅಚ್ಚಾಗುತ್ತಿದ್ದರಿಂದ ನಡುವೆ ನಡೆದ ಸುದ್ದಿಯೂ ಕಾರ್ಡಿನ ಮೇಲೆ ಬಂದು ಕೂರುತ್ತಿತ್ತು. ನ್ಯೂಯಾರ್ಕ್ ಮೆಟ್ಸ್ ತಂಡದ ಮ್ಯಾನೇಜರ್ ಗಿಲ್ ಹಾಜಸ್ 1972ರ ಏಪ್ರಿಲ್ 2ರಂದು ಹೃದಯಾಘಾತದಿಂದ ತೀರಿಕೊಂಡ. ಆ ವರ್ಷದ ಅಮೆರಿಕದ ಕಾರ್ಡಿನಲ್ಲಿ ಅವನು ಬದುಕಿದ್ದಾನೆ. ಕೆನಡಾದ ಕಾರ್ಡಿನಲ್ಲಿ ಅದೇ ಫೋಟೋದ ಮೇಲೆ ಅವನು ಸತ್ತ ತಾರೀಖು ಅಚ್ಚಾಗಿದೆ. ಒಂದೇ ಮುಖ, ಎರಡು ದೇಶ, ನಡುವೆ ಒಂದು ಸಾವು.

ಇನ್ನು ವೆನೆಜುವೆಲಾ. ಅಲ್ಲಿ ಬೇಸ್‌ಬಾಲ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. ಅವರ ಲೂಯಿಸ್ ಅಪಾರಿಸಿಯೊ ಅಮೆರಿಕದ ದೊಡ್ಡ ಲೀಗಿನಲ್ಲಿ ಆಡಿ, 1984ರಲ್ಲಿ ಅವರ ಹಾಲ್ ಆಫ್ ಫೇಮ್ ಸೇರಿದ ಮೊದಲ ವೆನೆಜುವೆಲಾದವನು. 1959ರಿಂದ 1968ರವರೆಗೆ, ನಡುವೆ ಕೆಲವು ವರ್ಷ ಬಿಟ್ಟು, ಟಾಪ್ಸ್ ಕಾರ್ಡುಗಳು ಅಲ್ಲಿಗೆಂದೇ ಬೇರೆಯಾಗಿ ಅಚ್ಚಾದವು. ಕಾಗದ ತೆಳು, ಹೊಳಪಿಲ್ಲ. 1962ರ ಕಾರ್ಡಿನ ಬೆನ್ನಿನ ಮೇಲೆ ಸ್ಪ್ಯಾನಿಷ್ ಬರಹ. ಅಲ್ಲಿನ ಮಕ್ಕಳು ಅವನ್ನು ಗೋಂದು ಹಚ್ಚಿ ಆಲ್ಬಮ್ಮಿಗೆ ಅಂಟಿಸಿದರು. ಹಾಗಾಗಿ ಇವತ್ತು ಬೆನ್ನು ಹರಿಯದ ವೆನೆಜುವೆಲಾ ಕಾರ್ಡು ಸಿಗೋದೇ ಕಷ್ಟ. ನೋಲನ್ ರಯಾನ್ ಅನ್ನೋ ದೊಡ್ಡ ಬೌಲರಿನ (ಅವರು ಪಿಚರ್ ಅಂತಾರೆ) 1968ರ ಮೊದಲ ಕಾರ್ಡು ಅಲ್ಲಿಯೂ ಅಚ್ಚಾಯಿತು. ಹಿಂದೆ ಚಿಕ್ಕದಾಗಿ ‘ವೆನೆಜುವೆಲಾದಲ್ಲಿ ಮಾಡಿದ್ದು’ ಅಂತ ಸ್ಪ್ಯಾನಿಷ್‌ನಲ್ಲಿ ಬರೆದಿದೆ. ನಮ್ಮ ಹುಡುಗನಿಗೆ ಆ ಒಂದು ಸಾಲಿನ ಮೇಲೆ ಪ್ರಾಣ.

ಇವೆಲ್ಲ ನಕಲು, ಅಮೆರಿಕದ್ದೇ ಅಸಲಿ ಅನ್ನೋರು ಅವನ ಬಳಗದಲ್ಲಿ ಇದ್ದಾರಂತೆ. ಅವರ ಜೊತೆ ಜಗಳವಾಡಿ ಜಗಳವಾಡಿ ಹುಡುಗ ಪಳಗಿದ್ದಾನೆ. ರಜೆಗೆ ಹುಬ್ಬಳ್ಳಿಗೆ ಹೋದಾಗಲೆಲ್ಲ "ನಿಮ್ಮ ಕನ್ನಡ ಈಗ ಭಾಳ ಮರಾಠಿ ಆಗೇದ ಬಿಡ್ರಿ" ಅಂತ ಕೇಳಿಸಿಕೊಂಡು ಬಂದಿರುವ ನಾನು ಯಾರ ಪಕ್ಷ ಅಂತ ಬೇರೆ ಹೇಳಬೇಕಿಲ್ಲ.

ಸರಿ, ಈಗ ಆ ಮೂವತ್ತೊಂದು ಚೂರುಗಳಿಗೆ ಬರ್ತೀನಿ.

ನನ್ನ ಹೆಂಡತಿಯ ತವರು ಬೆಂಗಳೂರು, ಹಲಸೂರು. ಅವಳ ಮುತ್ತಾತ ದಂಡು ಪ್ರದೇಶದ ಬ್ಯಾರಕ್ಕುಗಳಿಗೆ ಹಾಲಿನ ವರ್ತನೆ ಹಾಕುತ್ತಿದ್ದರು. ಹಳೆ ಮನೆ ಮಾರುವಾಗ ಅಟ್ಟದಲ್ಲಿ ಸಿಕ್ಕಿದ್ದು ಅವರ ಲೆಕ್ಕದ ಪುಸ್ತಕ. ಎಡಗಡೆ ಹಾಲಿನ ಸೇರು, ಬಾಕಿ. ಬಲಗಡೆ ಪುಟಗಳಲ್ಲಿ ಮಗ, ಅಂದರೆ ನನ್ನ ಹೆಂಡತಿಯ ತಾತ, ಹತ್ತು ಹನ್ನೆರಡು ವರ್ಷದ ಹುಡುಗನಾಗಿದ್ದಾಗ ಮೈದಾ ಗಂಜಿಯಲ್ಲಿ ಅಂಟಿಸಿದ ಕಾರ್ಡುಗಳು. ಇಂಗ್ಲೆಂಡಿನ ವಿಲ್ಸ್ ಕಂಪನಿಯ ಸಿಸರ್ಸ್ ಸಿಗರೇಟಿನವು. ನಮ್ಮ ಹಿರಿಯರು ಕತ್ತರಿ ಸಿಗರೇಟು ಅಂತಿದ್ದರಲ್ಲ, ಅದೇ. ಸಿಸರ್ಸ್ ಅನ್ನು ವಿಲ್ಸ್‌ನವರು ಭಾರತದ ಮಾರುಕಟ್ಟೆಗೆ, ಮುಖ್ಯವಾಗಿ ಇಲ್ಲಿದ್ದ ಬ್ರಿಟಿಷ್ ಸೋಲ್ಜರುಗಳಿಗೆ ಮಾರುತ್ತಿದ್ದರು. ಅವರಿಗೆ ಊರಿನ ನೆನಪಾಗಲಿ ಅಂತ ಪ್ಯಾಕಿನೊಳಗೆ ಕಾರ್ಡು. 1907ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಬಣ್ಣದ ಸರಣಿ ಬಂತು, 1911ರಲ್ಲಿ ಬಾಕ್ಸರುಗಳದ್ದು. ಇಂಗ್ಲೆಂಡಿನ ಆಟ, ಆದರೆ ಆ ಪ್ಯಾಕು ಒಡೆದದ್ದು ನಮ್ಮ ಊರುಗಳಲ್ಲಿ. (ಇಂಪೀರಿಯಲ್ ಟೊಬ್ಯಾಕೊದವರು ಬೆಂಗಳೂರಿನಲ್ಲಿ ಕಾರ್ಖಾನೆ ತೆರೆದದ್ದು 1913ರಲ್ಲಿ, ಇವುಗಳಲ್ಲಿ ಹೆಚ್ಚಿನವು ಅದಕ್ಕೂ ಮುಂಚಿನವು.)

ಪ್ರತಿ ಕಾರ್ಡಿನ ಪಕ್ಕ ಕಾಪಿಂಗ್ ಪೆನ್ಸಿಲ್ಲಿನಲ್ಲಿ ಆ ಹುಡುಗ ಒಂದೊಂದು ಸಾಲು ಬರೆದಿದ್ದಾನೆ. ‘ಅಡಿಗೆಮನೆ ದೊರೆ ಕೊಟ್ಟದ್ದು.’ ‘ಚರಂಡಿ ಹತ್ತಿರ ಸಿಕ್ಕಿದ್ದು.’ ‘ಮುನಿಯನಿಗೆ ನಾಲ್ಕು ಗೋಲಿ ಕೊಟ್ಟು ತಂದದ್ದು.’ ಫುಟ್‌ಬಾಲ್ ಕ್ಲಬ್ಬಿನ ಹೆಸರು ಓದಲು ಬಾರದೆ ಒಂದರ ಪಕ್ಕ ‘ಕೆಂಪಂಗಿ’ ಅಂತಷ್ಟೇ ಬರೆದಿದ್ದಾನೆ.

ಫೋಟೋ ಕಳಿಸಿದ್ದೇ ತಡ, ನ್ಯೂಜೆರ್ಸಿಯಿಂದ ಫೋನು. "ಚಿಕ್ಕಪ್ಪ, ಮುಟ್ಟಬೇಡಿ. ನಾನು ಹೇಳಿದ ಹಾಗೆ ನೀರಲ್ಲಿ ನೆನೆಸಿ ಬಿಡಿಸಿ. ಗ್ರೇಡಿಂಗಿಗೆ ಕಳಿಸೋಣ." ಗ್ರೇಡಿಂಗ್ ಅಂದರೆ, ಕಂಪನಿಯವರು ಕಾರ್ಡು ಪರೀಕ್ಷಿಸಿ ಒಂದರಿಂದ ಹತ್ತರವರೆಗೆ ನಂಬರು ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡಿ ಕಳಿಸುತ್ತಾರೆ. ನಂಬರು ಮೇಲೆ ಹೋದಷ್ಟೂ ಬೆಲೆ ಮೇಲೆ. ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿಯ 1979ರ ಓ-ಪೀ-ಚೀ ಕಾರ್ಡು, ಹತ್ತಕ್ಕೆ ಹತ್ತು ಪಡೆದದ್ದು, 2021ರಲ್ಲಿ 37.5 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 27 ಕೋಟಿ ರೂಪಾಯಿ. ಇದನ್ನು ಓದಿ ಯಾರೂ ಎಫ್‌ಡಿ ಮುರಿಸೋಕೆ ಬರಬೇಡಿ, ನನ್ನ ಬ್ರಾಂಚಿಗಂತೂ ಬರಲೇಬೇಡಿ.

ನನ್ನ ತಕರಾರು ಇಲ್ಲಿಂದ ಶುರು. ಹೊರದೇಶದಲ್ಲಿ ಅಚ್ಚಾದ ಕಾರ್ಡನ್ನು ನೀವು ಯಾತಕ್ಕೆ ಮೆಚ್ಚಿದಿರಿ? ಅದು ಬೇರೆ ಕಡೆ ಬಾಳಿತು ಅಂತ ತಾನೇ? ತೆಳು ಕಾಗದ, ಫ್ರೆಂಚ್ ಸಾಲು, ಸತ್ತ ತಾರೀಖು, ಇವನ್ನೆಲ್ಲ ಹುಡುಕಿಕೊಂಡು ಹೋಗಿ ದುಡ್ಡು ಕೊಡ್ತೀರಿ. ಆದರೆ ಆ ದೇಶದ ಮಗು ಹಚ್ಚಿದ ಗೋಂದು ಮಾತ್ರ ಕೊಳಕು! ಕಂಪನಿ ಮಾಡಿದ ವ್ಯತ್ಯಾಸಕ್ಕೆ ಬೆಲೆ, ಮಗು ಮಾಡಿದ ವ್ಯತ್ಯಾಸಕ್ಕೆ ದಂಡ. ಇದು ಯಾವ ಲೆಕ್ಕ?

ಮನಸ್ಸು ಮಾಡಿದರೆ ಮಾರುಕಟ್ಟೆಗೂ ಇದು ಅರ್ಥವಾಗುತ್ತೆ. ಓ-ಪೀ-ಚೀಯವರು ಕಾರ್ಡು ಕತ್ತರಿಸುತ್ತಿದ್ದದ್ದು ತಂತಿಯಿಂದ, ಅಂಚು ಜುಬ್ಬುಜುಬ್ಬಾಗಿರುತ್ತಿತ್ತು. ಇವತ್ತು ಆ ಒರಟು ಅಂಚು ದೋಷವಲ್ಲ, ಬದಲಿಗೆ ತೀರಾ ನಯವಾಗಿದ್ದರೆ ಯಾರೋ ಕತ್ತರಿಸಿದ್ದಾರೆ ಅಂತ ಅನುಮಾನ ಪಡ್ತಾರೆ. ಆಗ ಕ್ಯಾಷಿಯಸ್ ಕ್ಲೇ ಆಗಿದ್ದ ಮುಹಮ್ಮದ್ ಅಲಿಯ ಮೊದಲ ಕಾರ್ಡು ಅಂತ ಹೇಳುವ 1960ರ ಕಾರ್ಡು ಬಂದದ್ದು ಸ್ವೀಡನ್ನಿನ ಹೆಮ್ಮೆಟ್ಸ್ ಜರ್ನಲ್ ಪತ್ರಿಕೆಯಲ್ಲಿ. ಓದುಗರೇ ಕೈಯಾರೆ ಕತ್ತರಿಸಿಕೊಳ್ಳಬೇಕಿತ್ತು. ಅದಕ್ಕೂ ಗೌರವ ಕೊಟ್ಟಿದ್ದಾರೆ. ಹಾಗಾದರೆ ಗಂಜಿಗೆ ಯಾಕಿಲ್ಲ?

ಹುಡುಗನ ಮಾತಿನಲ್ಲಿ ಹುರುಳಿಲ್ಲ ಅಂತ ನಾನು ಹೇಳೋದಿಲ್ಲ. ಬರೀ ನೀರಲ್ಲಿ ನೆನೆಸಿ ಬಿಡಿಸೋದು ಆ ಬಳಗದಲ್ಲಿ ಮೋಸ ಅಲ್ಲವಂತೆ. ಮೈದಾ ಗಂಜಿಗೆ ಬೆಳ್ಳಿಹುಳ ಬರೋದೂ ನಿಜ, ನಾಲ್ಕು ಪುಟ ಆಗಲೇ ಜರಡಿಯಾಗಿದೆ. ವೆನೆಜುವೆಲಾದ ಕಾರ್ಡು ಆಲ್ಬಮ್ಮಿನಿಂದ ಕಿತ್ತು ಬಂದಿದ್ದು, ಹಿಂದೆ ಬರೀ ಕಪ್ಪು ಕಾಗದದ ಚೂರು ಅಂಟಿದ್ದರೆ ಧಾರಾಳವಾಗಿ ನೆನೆಸಲಿ. ಆಲ್ಬಮ್ಮೇ ಹೋದ ಮೇಲೆ ಉಳಿಸೋಕೆ ಏನಿದೆ? ನನ್ನ ಮಾತು ಪುಸ್ತಕ ಪೂರ್ತಿ ಉಳಿದಿರುವಾಗಿನದು.

ಇಷ್ಟು ಗಟ್ಟಿಯಾಗಿ ಹೇಳೋಕೆ ಒಂದು ಕಾರಣ ಇದೆ. ಹೇಳಿಕೊಳ್ಳೋಕೆ ನಾಚಿಕೆ.

ಹೋದ ವರ್ಷ ಗಣಪತಿ ರಜೆಯಲ್ಲಿ ಅವನ ಮಾತು ಕೇಳಿ ಒಂದು ಕಾರ್ಡು ನಾನೇ ನೆನೆಸಿದೆ. ಬಾಕ್ಸರೊಬ್ಬನದು. ಬ್ಲೇಡಿನಿಂದ ಪುಟದ ಆ ಭಾಗ ಕತ್ತರಿಸಿ, ಊಟದ ತಟ್ಟೆಯಲ್ಲಿ ನೀರು ಹಾಕಿ ಇಳಿಬಿಟ್ಟೆ. ಅರ್ಧ ಗಂಟೆಗೆ ಕಾರ್ಡು ತಾನಾಗಿ ಕಳಚಿಕೊಂಡಿತು. ಚಿತ್ರದ ಬಣ್ಣ ಒಂದಿಷ್ಟೂ ಹೋಗಿರಲಿಲ್ಲ, ಹಿಂಬದಿಯ ಅಕ್ಷರ ಸ್ಪಷ್ಟ. ವೀಡಿಯೋ ಕಾಲಿನಲ್ಲಿ ಹುಡುಗ ಚಪ್ಪಾಳೆ ತಟ್ಟಿದ. ಆಮೇಲೆ ನೋಡ್ತೀನಿ, ತಟ್ಟೆಯ ನೀರು ನೇರಳೆ ಬಣ್ಣ. ಕಾಪಿಂಗ್ ಪೆನ್ಸಿಲ್ ನೀರು ತಾಗಿದರೆ ಶಾಯಿಯಾಗುತ್ತೆ ಅನ್ನೋದು ಹಳೇ ಲೆಡ್ಜರ್ ನೋಡಿದ ನನಗೆ ಗೊತ್ತಿರಬೇಕಿತ್ತು. ಪಕ್ಕದ ಸಾಲು ಪೂರ್ತಿ ಹರಡಿಹೋಗಿತ್ತು. ಅದರಲ್ಲಿ ಏನಿತ್ತು? ‘ಅಪ್ಪನಿಗೆ ತಿಳಿಯದೆ’ ಅಂತ ಶುರುವಾಗುತ್ತಿತ್ತು. ಮುಂದಿನದು ನೆನಪಿಲ್ಲ. ಹುಡುಗನಿಗೆ ಕಳಿಸಿದ ಫೋಟೋಗಳಲ್ಲೂ ಕಾರ್ಡು ಮಾತ್ರ ಬಿದ್ದಿದೆ. ವೋಚರ್ ಹಾಳು ಮಾಡಿದ ಗುಮಾಸ್ತನಿಗೆ ಮೆಮೊ ಕೊಟ್ಟ ಮನುಷ್ಯ ನಾನು!

ನನ್ನ ಹೆಂಡತಿ ಬಂದು ತಟ್ಟೆ ನೋಡಿದಳು. ಬೈಯಲಿಲ್ಲ. "ತಾತ ಅಪ್ಪನಿಗೆ ತಿಳಿಯದೆ ಏನು ಮಾಡಿದ್ರು ಅಂತ ಇನ್ನು ಯಾರನ್ನ ಕೇಳೋದು ರೀ?" ಅಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಈಗ ಪಾಲಿನ ಪ್ರಶ್ನೆ ಎದ್ದಿದೆ. ವಾರಸುದಾರರು ಮೂವರು: ನನ್ನ ಹೆಂಡತಿ, ಪುಣೆಯಲ್ಲಿರುವ ಅವಳ ಅಕ್ಕ, ಬೆಂಗಳೂರಿನ ತಮ್ಮ. ಪುಸ್ತಕವನ್ನು ಮೂರು ಪಾಲು ಮಾಡೋಕಾಗಲ್ಲ, ಕಾರ್ಡುಗಳನ್ನು ಮಾಡಬಹುದು, ಆದ್ದರಿಂದ ನೆನೆಸಲೇಬೇಕು ಅನ್ನೋದು ಹುಡುಗನ ಹೊಸ ವಾದ. ಭಾವಮೈದುನನೂ ಒಪ್ಪಿಬಿಟ್ಟಿದ್ದಾನೆ. "ತಲಾ ಹತ್ತು ಬರುತ್ತೆ ಭಾವ, ಹೆಚ್ಚಿಗೆ ಉಳಿಯೋ ಒಂದು ನೀವೇ ಇಟ್ಕೊಳ್ಳಿ" ಅಂದ. ಯಾವ ಒಂದು ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ನಿಜ ಹೇಳಬೇಕೆಂದರೆ ಈ ಸಿಸರ್ಸ್ ಕಾರ್ಡುಗಳಿಂದ ಯಾರ ಮನೆಯ ಸಾಲವೂ ತೀರೋದಿಲ್ಲ. ಗ್ರೆಟ್ಸ್ಕಿ ಬೇರೆ, ‘ಕೆಂಪಂಗಿ’ ಬೇರೆ. ಹಣ ಬೇಕಾದವರಿಗೆ ಅವರ ಪಾಲಿನ ಬೆಲೆ ನಾನು ಕೊಡ್ತೀನಿ, ಪಿಎಫ್ ಮುಟ್ಟದೆಯೇ ಆಗುತ್ತೆ, ಪುಸ್ತಕ ಇಡಿಯಾಗಿರಲಿ ಅಂತ ಹೇಳಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ಡಿಸೆಂಬರಿನಲ್ಲಿ ಹುಡುಗ ಬರ್ತಾನೆ, ಆಗ ಎಲ್ಲರೂ ಕೂತು ತೀರ್ಮಾನ.

ಅಲ್ಲಿಯವರೆಗೆ ಪುಟ ಪುಟವೂ, ಅಂಚಿನ ಬರಹ ಸಮೇತ, ಫೋಟೋ ತೆಗೆದಿಟ್ಟಿದ್ದೇನೆ. ನಡುನಡುವೆ ಬಟರ್ ಪೇಪರ್ ಹಾಕಿ, ಮುಂಬಯಿ ತೇವ ತಾಗದ ಹಾಗೆ ಕಪಾಟಿನ ಮೇಲಿನ ಅರೆಯಲ್ಲಿಟ್ಟಿದ್ದೇನೆ. ನಿಮ್ಮಲ್ಲಿ ಯಾರದಾದರೂ ಮನೆ ಬೆಂಗಳೂರು ದಂಡಿನಲ್ಲೋ, ಬೆಳಗಾವಿ ಕ್ಯಾಂಪಿನಲ್ಲೋ, ಪುಣೆ, ಸಿಕಂದರಾಬಾದಿನ ಕಡೆಯೋ ಇದ್ದರೆ ಅಟ್ಟದ ಮೇಲಿನ ಲೆಕ್ಕದ ಪುಸ್ತಕ ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಡಿಸಿ ನೋಡಿ. ಕತ್ತರಿ ಮಾರ್ಕಿನ ಚಿತ್ರ ಸಿಕ್ಕರೆ ಪಕ್ಕದಲ್ಲಿ ಏನು ಬರೆದಿದೆ ಅಂತ ಮೊದಲು ಓದಿ, ನನಗೂ ಬರೆದು ತಿಳಿಸಿ.