ಕಂದಹಾರದ ದ್ರಾಕ್ಷಿ, ತಿಕೋಟಾದ ಲೆಕ್ಕ

ಮಾರ್ಚ್ ತಿಂಗಳಲ್ಲಿ ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟರೆ ರಸ್ತೆಯ ಇಕ್ಕೆಲಗಳಲ್ಲಿ ಒಣದ್ರಾಕ್ಷಿ ಶೆಡ್‌ಗಳು ಕಾಣಸಿಗುತ್ತವೆ. ಒಂದರ ಮೇಲೊಂದರಂತೆ ಬಿಗಿದ ಬಲೆಗಳ ಮೇಲೆ ಹರಡಿದ ದ್ರಾಕ್ಷಿ ನೆರಳಿನಲ್ಲಿ ಹದಿನೈದು–ಇಪ್ಪತ್ತು ದಿನ ಒಣಗುತ್ತದೆ. ಸುಮಾರು 4 ಕಿಲೊ ಹಸಿದ್ರಾಕ್ಷಿ ಒಣಗಿದರೆ 1 ಕಿಲೊ ಒಣದ್ರಾಕ್ಷಿ ಸಿಗುತ್ತದೆ. ಅಷ್ಟರೊಳಗೆ ಒಂದು ಅಕಾಲಿಕ ಮಳೆ ಬಿದ್ದರೆ ಬಣ್ಣ ಕೆಡುತ್ತದೆ, ದರ ಅರ್ಧಕ್ಕಿಳಿಯುತ್ತದೆ. ಅಂಥ ಒಂದು ಶೆಡ್ಡಿನ ನೆರಳಿನಲ್ಲಿ ನಿಂತು ಮಾತನಾಡುತ್ತಿದ್ದಾಗ ಹಿರಿಯ ಬೆಳೆಗಾರರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಈ ಲೇಖನಕ್ಕೆ ಕಾರಣ: ‘ಸಾಹೇಬ್ರ, ಕಾಬೂಲದಾಗ ಗುಂಡಿನ ಸಪ್ಪಳ ನಿಂತರ ಒಳ್ಳೇದ ಆತು. ಆದರ ಅದರ ಖರ್ಚು ತಿಕೋಟಾದವರು ಯಾಕ ಕೊಡಬೇಕ್ರಿ?’

ಮೇಲ್ನೋಟಕ್ಕೆ ಇದು ಮಾರುಕಟ್ಟೆ ದರದ ಬಗೆಗಿನ ಗೊಣಗಾಟದಂತೆ ಕಾಣಬಹುದು. ವಾಸ್ತವವಾಗಿ ಇದು ಯುದ್ಧಪೀಡಿತ ದೇಶವೊಂದರ ಪುನಶ್ಚೇತನದ ವೆಚ್ಚವನ್ನು ಯಾರು ಭರಿಸಬೇಕು ಎಂಬ, ಅರ್ಥಶಾಸ್ತ್ರದ ಗಂಭೀರ ಪ್ರಶ್ನೆ. ಭಾರತ ಆಮದು ಮಾಡಿಕೊಳ್ಳುವ ಒಣದ್ರಾಕ್ಷಿಯಲ್ಲಿ ದೊಡ್ಡ ಪಾಲು ಅಫ್ಗಾನಿಸ್ತಾನದ್ದು. ಅಲ್ಲಿ ದ್ರಾಕ್ಷಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆ ಸರಕು ಇಲ್ಲಿಗೆ ಬರುವುದು ದೀಪಾವಳಿಯ ಆಸುಪಾಸಿನಲ್ಲಿ. ತಿಕೋಟಾ ಮತ್ತು ಬಬಲೇಶ್ವರದ ರೈತರು ಬೇಸಿಗೆಯಲ್ಲಿ ಒಣಗಿಸಿ, ಬಾಡಿಗೆ ತೆತ್ತು ಶೀತಲಗೃಹದಲ್ಲಿಟ್ಟ ಮಾಲನ್ನು ಹೊರತೆಗೆಯುವುದೂ ಅದೇ ದೀಪಾವಳಿಯ ಬೇಡಿಕೆಯನ್ನು ನಂಬಿ.

ಮೊದಲು ಅಫ್ಗಾನಿಸ್ತಾನದತ್ತ ನೋಡೋಣ. ವಿದೇಶಿ ಸೇನೆ ಮರಳಿಹೋದರೆ ಶಾಂತಿ ಬರುತ್ತದೆ, ಶಾಂತಿ ಬಂದರೆ ಆರ್ಥಿಕತೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಆ ದೇಶ ಎರಡು ಬಾರಿ ಸುಳ್ಳು ಮಾಡಿದೆ. 1988ರ ಜಿನೀವಾ ಒಪ್ಪಂದದಂತೆ ಸೋವಿಯತ್ ಸೇನೆಯ ಕೊನೆಯ ತುಕಡಿ 1989ರ ಫೆಬ್ರುವರಿ 15ರಂದು ಹೊರಟಿತು. ನಜೀಬುಲ್ಲಾ ಸರ್ಕಾರ ಕೆಲವೇ ತಿಂಗಳಲ್ಲಿ ಕುಸಿಯುತ್ತದೆ ಎಂದು ಹಲವರು ಲೆಕ್ಕ ಹಾಕಿದ್ದರು. ಆದರೆ ಅದು 1992ರ ಏಪ್ರಿಲ್‌ವರೆಗೆ ಉಳಿಯಿತು. ಅದು ನೆಲಕಚ್ಚಿದ್ದು ಸೋವಿಯತ್ ಒಕ್ಕೂಟವೇ ವಿಸರ್ಜನೆಗೊಂಡು, ಹಣ, ಇಂಧನ ಹಾಗೂ ಶಸ್ತ್ರಾಸ್ತ್ರಗಳ ನೆರವು ನಿಂತ ಮೇಲೆ. ಸೈನಿಕರ ನಿರ್ಗಮನಕ್ಕಿಂತ ಹಣದ ನಿರ್ಗಮನವೇ ಹೆಚ್ಚು ಮಾರಕ ಎಂಬುದು ಆ ಅಧ್ಯಾಯದ ಪಾಠ.

ಎರಡನೆಯ ಬಾರಿ ಎರಡೂ ಏಕಕಾಲಕ್ಕೆ ನಡೆದವು. 2011ರ ಹೊತ್ತಿಗೆ ಒಂದು ಲಕ್ಷದಷ್ಟಿದ್ದ ಅಮೆರಿಕದ ಸೈನಿಕರ ಸಂಖ್ಯೆ ಕ್ರಮೇಣ ಇಳಿಯಿತು. 2020ರ ಫೆಬ್ರುವರಿ 29ರಂದು ದೋಹಾ ಒಪ್ಪಂದವಾಯಿತು. 2021ರ ಆಗಸ್ಟ್ 15ರಂದು ತಾಲಿಬಾನ್ ಕಾಬೂಲ್ ಪ್ರವೇಶಿಸಿತು, ಅದೇ ತಿಂಗಳ 30ರಂದು ಅಮೆರಿಕದ ಕೊನೆಯ ವಿಮಾನ ಹೊರಟಿತು. ಅಲ್ಲಿಯವರೆಗೆ ಆ ದೇಶದ ಒಟ್ಟು ಆಂತರಿಕ ಉತ್ಪನ್ನದ ಸುಮಾರು ಶೇ 40ರಷ್ಟಕ್ಕೆ ಸಮನಾದ ವಿದೇಶಿ ನೆರವು ಹರಿದುಬರುತ್ತಿತ್ತು, ಸರ್ಕಾರಿ ವೆಚ್ಚದ ಮುಕ್ಕಾಲು ಪಾಲು ಅದರಿಂದಲೇ ನಡೆಯುತ್ತಿತ್ತು. ಅದು ಒಮ್ಮೆಲೇ ನಿಂತಿತು. ಅಮೆರಿಕದ ಬ್ಯಾಂಕುಗಳಲ್ಲಿದ್ದ ಅಫ್ಗನ್ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಸ್ತಂಭನಗೊಂಡಿತು. 2021ರ ಒಂದೇ ವರ್ಷದಲ್ಲಿ ಆರ್ಥಿಕತೆ ಸುಮಾರು ಐದನೇ ಒಂದರಷ್ಟು ಕುಗ್ಗಿತು. ಯುದ್ಧದ ಇಪ್ಪತ್ತು ವರ್ಷಗಳಲ್ಲಿ ಕಟ್ಟಿದ್ದರಲ್ಲಿ ಬಹುಪಾಲು ಬಾಡಿಗೆಯ ಸಮೃದ್ಧಿ ಎಂಬುದು ಬಾಡಿಗೆದಾರ ಮನೆ ಬಿಟ್ಟ ದಿನ ಗೊತ್ತಾಯಿತು.

ಅನಂತರದ ಚೇತರಿಕೆಯೂ ತೆಳುವಾದದ್ದು. ವಿಶ್ವಬ್ಯಾಂಕಿನ ಅಂದಾಜಿನಂತೆ 2023 ಮತ್ತು 2024ರಲ್ಲಿ ಆರ್ಥಿಕತೆ ಬೆಳೆದದ್ದು ಶೇ 2ರಿಂದ 3ರ ದರದಲ್ಲಿ. ಜನಸಂಖ್ಯೆಯೂ ಹೆಚ್ಚುಕಡಿಮೆ ಅದೇ ವೇಗದಲ್ಲಿ ಏರುತ್ತಿರುವುದರಿಂದ ತಲಾ ಆದಾಯ ನಿಂತಲ್ಲೇ ನಿಂತಿದೆ. ಇರಾನ್ ಮತ್ತು ಪಾಕಿಸ್ತಾನಗಳಿಂದ 2025ರೊಂದರಲ್ಲೇ 20 ಲಕ್ಷಕ್ಕೂ ಹೆಚ್ಚು ಅಫ್ಗನ್ನರು ವಾಪಸಾದರು. ಹೆಣ್ಣುಮಕ್ಕಳಿಗೆ ಪ್ರೌಢಶಿಕ್ಷಣದ ಬಾಗಿಲು ಮುಚ್ಚಿ, ಮಹಿಳೆಯರನ್ನು ದುಡಿಮೆಯಿಂದ ದೂರವಿಟ್ಟ ಆಡಳಿತವು ತನ್ನ ಅರ್ಧದಷ್ಟು ಮಾನವ ಬಂಡವಾಳವನ್ನು ತಾನೇ ಕೈಚೆಲ್ಲಿದೆ. ಅಲ್ಲಿ ಇಂದು ಬಂದೂಕುಗಳ ಸದ್ದು ಕಡಿಮೆಯಾಗಿದೆ ಎಂಬುದು ನಿಜ. ಆದರೆ ಸದ್ದಡಗಿದ್ದನ್ನೇ ಪುನಶ್ಚೇತನ ಎನ್ನಲಾಗದು.

ಈ ಕಥೆಯ ನಡುವೆ ದ್ರಾಕ್ಷಿಗೆ ವಿಶೇಷ ಸ್ಥಾನವಿದೆ. 1979ರ ಯುದ್ಧಕ್ಕೆ ಮುನ್ನ ಅಫ್ಗಾನಿಸ್ತಾನ ಜಗತ್ತಿನ ಪ್ರಮುಖ ಒಣದ್ರಾಕ್ಷಿ ರಫ್ತುದಾರ ದೇಶಗಳಲ್ಲಿ ಒಂದಾಗಿತ್ತು. ಕಾಬೂಲಿನ ಉತ್ತರಕ್ಕಿರುವ ಶೋಮಾಲಿ ಬಯಲಿನ ದ್ರಾಕ್ಷಿತೋಟಗಳು 1999ರಲ್ಲಿ ತಾಲಿಬಾನ್ ದಾಳಿಯಲ್ಲಿ ಸುಟ್ಟುಹೋದವು. ಕಂದಹಾರದಲ್ಲಿ ದ್ರಾಕ್ಷಿ ಒಣಗಿಸಲು ದಪ್ಪ ಮಣ್ಣಿನ ಗೋಡೆಗಳ, ಗಾಳಿಯಾಡಲು ಸಾಲುಸಾಲು ಕಿಂಡಿಗಳಿರುವ ಮನೆಗಳಿವೆ. ‘ಕಿಶ್‌ಮಿಶ್ ಖಾನಾ’ ಎಂದು ಅವುಗಳ ಹೆಸರು. ಬಂಡುಕೋರರು ಆ ಕಿಂಡಿಗಳಿಂದ ಗುಂಡು ಹಾರಿಸತೊಡಗಿದಾಗ ವಿದೇಶಿ ಪಡೆಗಳು ಅಂಥ ಹಲವು ಮನೆಗಳನ್ನು ಕೆಡವಿದವು. ನಮ್ಮ ತಿಕೋಟಾದ ಶೆಡ್ಡುಗಳಂತೆಯೇ ಯಾರೋ ಸಾಲ ಮಾಡಿ ಕಟ್ಟಿಕೊಂಡಿದ್ದ ಒಣಮನೆಗಳು ಅವು.

ದ್ರಾಕ್ಷಿಬಳ್ಳಿ ನೆಟ್ಟ ಮೇಲೆ ಸರಿಯಾದ ಫಸಲು ಕೈಗೆ ಹತ್ತಲು ಎರಡು–ಮೂರು ವರ್ಷ ಬೇಕು. ಗಸಗಸೆಗೆ ಕೆಲವೇ ತಿಂಗಳು ಸಾಕು. ನಾಳೆಯ ಬಗ್ಗೆ ನಂಬಿಕೆಯಿಲ್ಲದವನು ಬಳ್ಳಿ ನೆಡುವುದಿಲ್ಲ, ಗಸಗಸೆ ಬಿತ್ತುತ್ತಾನೆ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ಅಫೀಮಿನ ಕೃಷಿಯನ್ನು ನಿಷೇಧಿಸಿತು. ವಿಶ್ವಸಂಸ್ಥೆಯ ಸಮೀಕ್ಷೆಯಂತೆ ಗಸಗಸೆ ಬೆಳೆ 2.33 ಲಕ್ಷ ಹೆಕ್ಟೇರಿನಿಂದ 2023ರಲ್ಲಿ 10,800 ಹೆಕ್ಟೇರಿಗೆ ಇಳಿಯಿತು. ಅದರಿಂದ ರೈತರಿಗೆ ಸಿಗುತ್ತಿದ್ದ ಆದಾಯ 136 ಕೋಟಿ ಡಾಲರಿನಿಂದ 11 ಕೋಟಿಗೆ ಕುಸಿಯಿತು. ಆ ನಷ್ಟವನ್ನು ತುಂಬಬಲ್ಲ ಬೆಳೆಗಳೆಂದರೆ ದ್ರಾಕ್ಷಿ, ದಾಳಿಂಬೆ, ಬಾದಾಮಿಯಂಥವು. ಅವುಗಳಿಗೆ ಸಮೀಪದ ದೊಡ್ಡ ಮಾರುಕಟ್ಟೆ ಭಾರತ. ನಾವು ಬಾಗಿಲು ಮುಚ್ಚಿದರೆ ಅಲ್ಲಿನ ರೈತ ಮತ್ತೆ ಎತ್ತ ತಿರುಗುತ್ತಾನೆಂದು ಊಹಿಸುವುದು ಕಷ್ಟವಲ್ಲ.

ದೆಹಲಿಯ ನೀತಿ ಈ ದೃಷ್ಟಿಯಿಂದ ಅಸಮರ್ಥನೀಯವಲ್ಲ. 2003ರ ಆದ್ಯತಾ ವ್ಯಾಪಾರ ಒಪ್ಪಂದದಲ್ಲಿ ಅಫ್ಗಾನಿಸ್ತಾನದ ಒಣಹಣ್ಣುಗಳಿಗೆ ಸುಂಕ ರಿಯಾಯಿತಿ ದೊರೆಯಿತು. 2011ರ ನವೆಂಬರ್‌ನಲ್ಲಿ ಭಾರತ, ಮದ್ಯ ಮತ್ತು ತಂಬಾಕನ್ನು ಬಿಟ್ಟು ಉಳಿದೆಲ್ಲ ಸರಕುಗಳಿಗೂ ಸಾರ್ಕ್‌ನ ಅತಿ ಹಿಂದುಳಿದ ರಾಷ್ಟ್ರಗಳಿಂದ ಸುಂಕರಹಿತ ಪ್ರವೇಶ ಒದಗಿಸಿತು. ಜರಂಜ್–ದೆಲಾರಾಮ್ ಹೆದ್ದಾರಿ, 2015ರಲ್ಲಿ ಉದ್ಘಾಟನೆಯಾದ ಸಂಸತ್ ಭವನ, 2016ರಲ್ಲಿ ಉದ್ಘಾಟನೆಯಾದ ಹೆರಾತ್‌ನ ಸಲ್ಮಾ ಅಣೆಕಟ್ಟು ನಮ್ಮ ಹಣ ಮತ್ತು ಶ್ರಮದ ಫಲ. 2025ರ ಅಕ್ಟೋಬರ್‌ನಲ್ಲಿ ಕಾಬೂಲಿನ ತಾಂತ್ರಿಕ ತಂಡದ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿಯ ಮಟ್ಟಕ್ಕೆ ಏರಿಸುವ ನಿರ್ಧಾರವನ್ನು ಭಾರತ ಪ್ರಕಟಿಸಿತು. ಅದೇ ತಿಂಗಳು ಪಾಕಿಸ್ತಾನ–ಅಫ್ಗಾನಿಸ್ತಾನ ಗಡಿಯಲ್ಲಿ ಘರ್ಷಣೆ ನಡೆದು ತೋರ್ಖಮ್ ಮತ್ತು ಚಮನ್ ದಾರಿಗಳು ಮುಚ್ಚಿದ್ದರಿಂದ ಸರಕು ಸಾಗಣೆಗೆ ವಿಮಾನ ಮತ್ತು ಇರಾನಿನ ಚಾಬಹಾರ್ ಬಂದರು ಇನ್ನಷ್ಟು ಮುಖ್ಯವಾದವು.

ಪುನಶ್ಚೇತನವೆಂದರೆ ಎಷ್ಟು ದೀರ್ಘ ದಾರಿ ಎಂಬುದನ್ನು ತಿಳಿಯಲು ನಾವು ಕಾಬೂಲಿಗೇ ಹೋಗಬೇಕಿಲ್ಲ. 1686ರ ಸೆಪ್ಟೆಂಬರ್‌ನಲ್ಲಿ ದೀರ್ಘ ಮುತ್ತಿಗೆಯ ಬಳಿಕ ಔರಂಗಜೇಬನಿಗೆ ವಿಜಯಪುರ ವಶವಾಯಿತು. ಅದಕ್ಕೂ ಮೊದಲೇ ಅಫ್ಗನ್ ಮೂಲದ ಬಹಲೋಲ್ ಖಾನನ ಬಣ ಮತ್ತು ದಖ್ಖನಿ ಸರದಾರರ ನಡುವಿನ ಒಳಜಗಳ ಆದಿಲ್‌ಶಾಹಿಯನ್ನು ಟೊಳ್ಳು ಮಾಡಿತ್ತು. ಬಳಿಕ ನಿಜಾಮರು, ಪೇಶ್ವೆಗಳು, ಸಾತಾರಾದ ಅರಸರು ಒಬ್ಬರಾದ ಮೇಲೊಬ್ಬರು ಆಳಿದರು. ಸೇನೆಗಳು ಬಂದವು, ಹೋದವು. ಗೋಳಗುಮ್ಮಟ ನಿಂತಿತ್ತು, ಊರು ಬರಿದಾಗಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದ ಮೇಲೆಯೇ ಪಾಳುಬಿದ್ದ ಮಹಲುಗಳಲ್ಲಿ ಮತ್ತೆ ದೀಪ ಹತ್ತಿತು. ಅಂದರೆ ಸರಿಸುಮಾರು ಇನ್ನೂರು ವರ್ಷ. ನೆಲ ಹಸಿರಾಗಲು ಇನ್ನೂ ಒಂದು ಶತಮಾನ ಹಿಡಿಯಿತು. ಆಲಮಟ್ಟಿಯ ನೀರು, ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳು ಬರುವ ಮುನ್ನ ಇಲ್ಲಿನ ರೈತರು ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು. ಸೇನೆ ಹೋದದ್ದರಿಂದಲ್ಲ, ಆಡಳಿತ ಮತ್ತು ನೀರು ಬಂದದ್ದರಿಂದ ಈ ಸೀಮೆ ಚೇತರಿಸಿಕೊಂಡಿತು.

ಹಾಗಾಗಿ ಆ ಬೆಳೆಗಾರರ ಪ್ರಶ್ನೆಯನ್ನು ಪೂರ್ಣವಾಗಿ ಒಪ್ಪಲೂ ಆಗದು, ತಳ್ಳಿಹಾಕಲೂ ಆಗದು. ದರ ಕುಸಿತಕ್ಕೆ ಆಮದೊಂದೇ ಕಾರಣವಲ್ಲ. ಹಸಿದ್ರಾಕ್ಷಿಗೆ ಬೆಲೆ ಬಿದ್ದ ವರ್ಷ ಮಹಾರಾಷ್ಟ್ರದಲ್ಲೂ ಇಲ್ಲೂ ಎಲ್ಲರೂ ಶೆಡ್ಡಿನತ್ತ ಧಾವಿಸುತ್ತಾರೆ, ತಾಸಗಾಂವ್ ಮಾರುಕಟ್ಟೆಗೆ ಮಾಲು ಮುಗಿಬೀಳುತ್ತದೆ. ಅಂಥ ವರ್ಷ ಕಾಬೂಲನ್ನು ದೂರಿ ಪ್ರಯೋಜನವಿಲ್ಲ. ಆದರೆ ಒಂದು ಅನ್ಯಾಯ ಸ್ಪಷ್ಟವಾಗಿದೆ. ಸುಂಕ ರಿಯಾಯಿತಿಯ ರಾಜತಾಂತ್ರಿಕ ಲಾಭ ಇಡೀ ದೇಶಕ್ಕೆ, ಅಗ್ಗದ ಒಣದ್ರಾಕ್ಷಿಯ ಲಾಭ ಎಲ್ಲ ಗ್ರಾಹಕರಿಗೆ. ನಷ್ಟ ಮಾತ್ರ ಬೆರಳೆಣಿಕೆಯ ತಾಲ್ಲೂಕುಗಳಿಗೆ. ಲಾಭ ಹರಡಿಕೊಂಡು ನಷ್ಟ ಒಂದೆಡೆ ಗುಡ್ಡೆಯಾದಾಗ ನಷ್ಟ ಹೊತ್ತವನ ಅಳಲು ಯಾರಿಗೂ ಕೇಳಿಸುವುದಿಲ್ಲ. ಆಡಳಿತದಲ್ಲಿ ದಶಕಗಳನ್ನು ಕಳೆದವನಾಗಿ ಹೇಳುತ್ತೇನೆ, ವಿದೇಶಾಂಗ ನೀತಿಯ ಕಡತ ಮತ್ತು ತೋಟಗಾರಿಕೆಯ ಕಡತ ಒಂದೇ ಮೇಜಿನ ಮೇಲೆ ಎಂದೂ ಭೇಟಿಯಾಗುವುದಿಲ್ಲ.

ಮಾಡಬಹುದಾದದ್ದು ಮೂರು. ಮೊದಲನೆಯದು, ರಿಯಾಯಿತಿ ಅಫ್ಗನ್ ರೈತನಿಗೇ ತಲುಪಬೇಕು. ಮೂರನೆಯ ದೇಶದ, ಅದರಲ್ಲೂ ಚೀನಾದ ಒಣದ್ರಾಕ್ಷಿ ಅಡ್ಡದಾರಿಯಲ್ಲಿ ಸುಂಕ ತಪ್ಪಿಸಿ ಬರುತ್ತಿದೆ ಎಂದು ಬೆಳೆಗಾರರು ದೂರುತ್ತಲೇ ಇದ್ದಾರೆ. 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಮೂಲದೇಶ ದೃಢೀಕರಣದ ಸುಂಕ ನಿಯಮಗಳು ಆಮದುದಾರನೇ ಪುರಾವೆ ಇಟ್ಟುಕೊಳ್ಳಬೇಕೆಂದು ವಿಧಿಸುತ್ತವೆ. ಅವನ್ನು ಒಣದ್ರಾಕ್ಷಿಗೆ ಕಟ್ಟುನಿಟ್ಟಾಗಿ ಅನ್ವಯಿಸಿದರೆ ಕಂದಹಾರದ ರೈತನಿಗೂ ತಿಕೋಟಾದ ರೈತನಿಗೂ ಏಕಕಾಲಕ್ಕೆ ನ್ಯಾಯ ಸಿಗುತ್ತದೆ.

ಎರಡನೆಯದು, ದರ ನೆಲಕಚ್ಚಿದ ವರ್ಷ ಸರ್ಕಾರ ಮಾರುಕಟ್ಟೆ ಪ್ರವೇಶಿಸಬೇಕು. ಶಾಲಾ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು ಕೊಡುವ ರಾಜ್ಯಕ್ಕೆ ವಾರಕ್ಕೊಮ್ಮೆ ಒಂದು ಹಿಡಿ ಒಣದ್ರಾಕ್ಷಿ ಕೊಡುವುದು ಅಸಾಧ್ಯವಲ್ಲ. ಇದರ ವೆಚ್ಚದಲ್ಲಿ ಕೇಂದ್ರಕ್ಕೂ ಪಾಲಿರಬೇಕು, ಏಕೆಂದರೆ ರಿಯಾಯಿತಿ ಕೊಟ್ಟದ್ದು ಕೇಂದ್ರ. ಮೂರನೆಯದು, ಗುಣಮಟ್ಟ. ಕೀಟನಾಶಕ ಶೇಷ ಪರೀಕ್ಷೆ, ವರ್ಗೀಕರಣ ಮತ್ತು ಸಾಲದೊಂದಿಗೆ ಬೆಸೆದ ಗೋದಾಮು ರಸೀದಿ ತಿಕೋಟಾದಲ್ಲೇ ಸಿಕ್ಕರೆ ರೈತ ಅವಸರದಲ್ಲಿ ಮಾರಬೇಕಿಲ್ಲ. ರೈತನೇ ಮಾರುವ ಒಣದ್ರಾಕ್ಷಿಗೆ ಜಿಎಸ್‌ಟಿ ಇಲ್ಲವೆಂದು 2024ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದ್ದು ಸರಿಯಾದ ಹೆಜ್ಜೆ. ಆದರೆ ಅದು ಮೊದಲ ಹೆಜ್ಜೆಯಷ್ಟೇ.

ಸೇನೆಗಳು ಮರಳಿದ ಮೇಲೆ ಯುದ್ಧದ ಬಾಕಿ ಉಳಿಯುತ್ತದೆ. ಅದನ್ನು ಯಾರಾದರೂ ತೀರಿಸಲೇಬೇಕು. ಕಂದಹಾರದಲ್ಲಿ ಒಬ್ಬ ರೈತ ಬಳ್ಳಿ ನೆಡುವ ಧೈರ್ಯ ಮಾಡಿದರೆ ಅದು ಜಗತ್ತಿಗೆ ಒಳ್ಳೆಯ ಸುದ್ದಿ. ಆ ಸುದ್ದಿ ಕೇಳಿ ಬಬಲೇಶ್ವರದ ರೈತ ತನ್ನ ಬಳ್ಳಿ ಕಿತ್ತೊಗೆಯುವಂತೆ ಆಗಬಾರದು. ಆ ಹಿರಿಯರಿಗೆ ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಈಗ ಹೇಳುವುದಾದರೆ ಇಷ್ಟೇ: ಖರ್ಚು ಕೊಡಬೇಕಾದದ್ದು ನಿಜ, ಆದರೆ ಕೊಡಬೇಕಾದವರು ನೀವೊಬ್ಬರೇ ಅಲ್ಲ, ನಾವೆಲ್ಲರೂ.